ತಲೆಗೆ ಕಿರಣ, ನಿಂತ ಬೆಳವಣಿಗೆ: ಲ್ಯುಕೀಮಿಯಾ ಗೆದ್ದ ಮಕ್ಕಳಲ್ಲಿ ಬೆಳವಣಿಗೆ ಹಾರ್ಮೋನಿನ ಕೊರತೆ

ರಕ್ತದ ಕ್ಯಾನ್ಸರ್ ಎಂದು ಜನ ಕರೆಯುವ ಲ್ಯುಕೀಮಿಯಾಕ್ಕೆ ಚಿಕಿತ್ಸೆಯಾಗಿ ತಲೆಗೆ ವಿಕಿರಣ ಪಡೆದ ಮಕ್ಕಳಲ್ಲಿ ಕೆಲವರು, ಕಾಯಿಲೆ ಪೂರ್ತಿ ಗುಣವಾದ ಮೇಲೂ, ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆಯುವುದಿಲ್ಲ. ಮಿದುಳಿನ ತಳದಲ್ಲಿರುವ ಹೈಪೋಥಲಾಮಸ್ ಮತ್ತು ಅದಕ್ಕೆ ಅಂಟಿಕೊಂಡಿರುವ ಪಿಟ್ಯುಟರಿ ಗ್ರಂಥಿ ಕಿರಣಗಳ ಪೆಟ್ಟಿಗೆ ಸಿಕ್ಕಿ, ಬೆಳವಣಿಗೆ ಹಾರ್ಮೋನು ಸಾಕಷ್ಟು ಸ್ರವಿಸದಿರುವುದೇ ಇದಕ್ಕೆ ಮುಖ್ಯ ಕಾರಣ. ಈ ಕೊರತೆಗೆ ನೋವಿಲ್ಲ, ಜ್ವರವಿಲ್ಲ. ಹಾಗಾಗಿ ಅದು ಸದ್ದಿಲ್ಲದೆ ಬರುತ್ತದೆ. ಅದನ್ನು ಸರಿಪಡಿಸಲು ಇರುವ ಕಾಲಾವಕಾಶವೂ ಸೀಮಿತ: ಮೂಳೆಯ ತುದಿಗಳಲ್ಲಿರುವ ಬೆಳವಣಿಗೆಯ ಪದರಗಳು ಮುಚ್ಚಿಕೊಂಡ ಮೇಲೆ ಯಾವ ಔಷಧಿಯೂ ಎತ್ತರವನ್ನು ಕೂಡಿಸಲಾರದು.

ಕಲಬುರಗಿ ನಗರದ ಗಾಜಿಪುರದಲ್ಲಿ ಅಥವಾ ಅಲ್ಲಿಂದ ಸುಮಾರು 35 ಕಿಲೋಮೀಟರ್ ದೂರದ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ ಒಂದು ಮಗುವಿಗೆ ರಕ್ತದ ಕ್ಯಾನ್ಸರ್ ಬಂದರೆ, ಮನೆಮಂದಿಯ ಗಮನವೆಲ್ಲ ಮಗು ಉಳಿಯುತ್ತದೆಯೇ ಎಂಬುದರ ಮೇಲೆಯೇ ಇರುತ್ತದೆ. ಎರಡು-ಮೂರು ವರ್ಷಗಳ ಚಿಕಿತ್ಸೆ ಮುಗಿಸಿ, ಉದುರಿದ ಕೂದಲು ಮತ್ತೆ ಬಂದು, ಮಗು ಶಾಲೆಗೆ ಹೊರಟಾಗ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆ ನಿಟ್ಟುಸಿರಿನ ನಂತರದ ಹತ್ತು ವರ್ಷಗಳಲ್ಲಿ ನಡೆಯುವ ಕಥೆ ಇದು.

ಕಿರಣ ಏಕೆ ಬೇಕಾಯಿತು

1940ರ ದಶಕದವರೆಗೆ ಮಕ್ಕಳ ತೀವ್ರ ಲ್ಯುಕೀಮಿಯಾ ಎಂದರೆ ಕೆಲವೇ ವಾರಗಳಲ್ಲಿ ಸಾವು. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅಮಿನೊಪ್ಟೆರಿನ್ ಎಂಬ ಔಷಧಿಯಿಂದ ಮಕ್ಕಳಲ್ಲಿ ಕಾಯಿಲೆ ತಾತ್ಕಾಲಿಕವಾಗಿ ಇಳಿಯುವುದನ್ನು ತೋರಿಸಿದರು. ಆ ಬಗೆಯ ಫೋಲಿಕ್ ಆಮ್ಲ ವಿರೋಧಿ ಔಷಧಿಗಳನ್ನು ಲೆಡರ್ಲೆ ಪ್ರಯೋಗಾಲಯದಲ್ಲಿ ರೂಪಿಸಿದ ತಂಡದ ಮುಂದಾಳು ನಮ್ಮ ನೆರೆಯ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಇಂದಿಗೂ ಬಳಕೆಯಲ್ಲಿರುವ ಮೆಥೊಟ್ರೆಕ್ಸೇಟ್ ಅದೇ ಕುಟುಂಬದ ಔಷಧಿ.

ಮುಂದೆ ಇನ್ನಷ್ಟು ಔಷಧಿಗಳು ಬಂದವು, ರಕ್ತದಲ್ಲಿ ಕಾಯಿಲೆಯ ಕಣಗಳು ಕಾಣದಂತಾಗುವ ಮಕ್ಕಳ ಸಂಖ್ಯೆ ಹೆಚ್ಚಿತು. ಆದರೆ ಕೆಲವು ತಿಂಗಳ ಬಳಿಕ ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ತಲೆನೋವು, ವಾಂತಿ ಶುರುವಾಗಿ, ಮಿದುಳಿನ ಹೊದಿಕೆಯಲ್ಲಿ ಕಾಯಿಲೆ ಮತ್ತೆ ಹೆಡೆ ಎತ್ತುತ್ತಿತ್ತು. ರಕ್ತದಿಂದ ಮಿದುಳಿಗೆ ಸಿಕ್ಕಸಿಕ್ಕ ವಸ್ತು ನುಗ್ಗದಂತೆ ದೇಹವೇ ಕಟ್ಟಿಕೊಂಡ ತಡೆಗೋಡೆ ಔಷಧಿಯನ್ನೂ ತಡೆಯುತ್ತಿತ್ತು. ಲ್ಯುಕೀಮಿಯಾ ಕಣಗಳು ಆ ಗೋಡೆಯ ಆಚೆ ಅಡಗಿ ಕೂತಿರುತ್ತಿದ್ದವು.

ಅಮೆರಿಕದ ಮೆಂಫಿಸ್‌ನಲ್ಲಿ 1962ರಲ್ಲಿ ಬಾಗಿಲು ತೆರೆದ ಸೇಂಟ್ ಜೂಡ್ ಆಸ್ಪತ್ರೆಯ ಡೊನಾಲ್ಡ್ ಪಿಂಕೆಲ್ ಈ ಅಡಗುತಾಣಕ್ಕೇ ಕೈಹಾಕಿದರು. 1960ರ ದಶಕದ ಕೊನೆಯಲ್ಲಿ ಅವರ ತಂಡ ಕಾಯಿಲೆ ತಲೆಗೆ ಬರುವ ಮೊದಲೇ ಇಡೀ ತಲೆಗೆ 24 ಗ್ರೇ ವಿಕಿರಣ ಕೊಟ್ಟು, ಜೊತೆಗೆ ಬೆನ್ನುಹುರಿಯ ದ್ರವಕ್ಕೆ ಮೆಥೊಟ್ರೆಕ್ಸೇಟ್ ಹಾಕಿತು. ಗ್ರೇ ಎಂದರೆ ದೇಹ ಹೀರಿಕೊಂಡ ವಿಕಿರಣದ ಅಳತೆ. ಫಲಿತಾಂಶ ಬೆರಗು ಹುಟ್ಟಿಸುವಂತಿತ್ತು: ಸುಮಾರು ಅರ್ಧದಷ್ಟು ಮಕ್ಕಳು ಉಳಿದರು. ಬಾಲ್ಯದ ಲ್ಯುಕೀಮಿಯಾ ವಾಸಿಯಾಗಬಲ್ಲ ಕಾಯಿಲೆ ಎಂದು ಜಗತ್ತು ನಂಬಿದ್ದು ಆಗ.

ಭಾರತಕ್ಕೆ ಈ ದಾರಿ ಬಂದದ್ದು ಎಂಸಿಪಿ-841 ಎಂಬ ಚಿಕಿತ್ಸಾ ಕ್ರಮದ ಮೂಲಕ. 1980ರ ದಶಕದ ನಡುವೆ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಇಯಾನ್ ಮಗ್ರಾಥ್ ಅವರ ಸಹಯೋಗದಲ್ಲಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ, ದೆಹಲಿಯ ಏಮ್ಸ್, ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆ ಇದನ್ನು ಆರಂಭಿಸಿದವು. ಇದರಲ್ಲಿ ತಲೆಗೆ 18 ಗ್ರೇ ವಿಕಿರಣ ಸೇರಿತ್ತು. ದೇಶದ ಬೇರೆ ಬೇರೆ ಕೇಂದ್ರಗಳು ಇದನ್ನೇ ಅನುಸರಿಸಿದವು, ಉಳಿಯುವ ಮಕ್ಕಳ ಪ್ರಮಾಣ ಏರಿತು. ಹಾಗೆ ಉಳಿದ ಮಕ್ಕಳು ಈಗ ಮೂವತ್ತು, ನಲವತ್ತರ ವಯಸ್ಸಿನಲ್ಲಿದ್ದಾರೆ.

ಗ್ರಂಥಿಗೆ ಆಗುವುದೇನು

ವಿಕಿರಣ ಚಿಕಿತ್ಸೆಗೆ ನಮ್ಮ ಕಡೆಯ ಆಡುಮಾತು ‘ಕರೆಂಟ್ ಕೊಡೋದು’. ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಹಾಳೆಯನ್ನು ಮಗುವಿನ ಮುಖದ ಮೇಲೆ ಒತ್ತಿ ಅಚ್ಚು ತೆಗೆಯುತ್ತಾರೆ. ಅದು ಗಟ್ಟಿಯಾಗಿ ಮುಖವಾಡವಾಗುತ್ತದೆ. ಪ್ರತಿದಿನ ಆ ಮುಖವಾಡ ತೊಡಿಸಿ, ತಲೆ ಅಲುಗಾಡದಂತೆ ಮೇಜಿಗೆ ಬಿಗಿದು, ಯಂತ್ರದಿಂದ ಕಿರಣ ಹಾಯಿಸುತ್ತಾರೆ. ದಿನಕ್ಕೆ 1.8 ಗ್ರೇಯಂತೆ ಹತ್ತು ಸಲ, ವಾರಕ್ಕೆ ಐದು ದಿನ, ಎರಡು ವಾರಕ್ಕೆ 18 ಗ್ರೇ. ಮಗುವಿಗೆ ಏನೂ ತಿಳಿಯುವುದಿಲ್ಲ. ಕೆಲವೇ ನಿಮಿಷದಲ್ಲಿ ಹೊರಗೆ ಬಂದು ಬಿಸ್ಕತ್ತು ಕೇಳುತ್ತದೆ.

ಲ್ಯುಕೀಮಿಯಾ ಕಣಗಳು ಮಿದುಳಿನ ಹೊದಿಕೆಯ ಯಾವ ಮಡಿಕೆಯಲ್ಲೂ ಉಳಿಯಬಾರದು. ಆದ್ದರಿಂದ ಕಿರಣ ತಲೆಬುರುಡೆಯ ತಳದವರೆಗೂ ಹಾಯಲೇಬೇಕು. ಹೈಪೋಥಲಾಮಸ್ ಮತ್ತು ಪಿಟ್ಯುಟರಿ ಇರುವುದು ಸರಿಯಾಗಿ ಆ ತಳದ ನಟ್ಟನಡುವೆ. ಅವನ್ನು ಬಿಟ್ಟು ಉಳಿದ ತಲೆಗೆ ಮಾತ್ರ ಕಿರಣ ಕೊಡಲು ಈ ಚಿಕಿತ್ಸೆಯಲ್ಲಿ ದಾರಿಯಿಲ್ಲ.

ಪಿಟ್ಯುಟರಿ ಕಡಲೆಕಾಳಿನಷ್ಟು ಗಾತ್ರದ ಗ್ರಂಥಿ. ಅದಕ್ಕೆ ಅಪ್ಪಣೆ ಕೊಡುವುದು ಹೈಪೋಥಲಾಮಸ್. ಅಲ್ಲಿಂದ ಬರುವ ಒಂದು ಸಂದೇಶ ಬೆಳವಣಿಗೆ ಹಾರ್ಮೋನನ್ನು ಬಿಡು ಎನ್ನುತ್ತದೆ, ಇನ್ನೊಂದು ನಿಲ್ಲಿಸು ಎನ್ನುತ್ತದೆ. ಹಾರ್ಮೋನು ದಿನವಿಡೀ ಒಂದೇ ಸಮನೆ ಹರಿಯುವುದಿಲ್ಲ. ಅಲೆ ಅಲೆಯಾಗಿ ಬರುತ್ತದೆ, ದೊಡ್ಡ ಅಲೆಗಳು ರಾತ್ರಿ ಗಾಢ ನಿದ್ರೆಯಲ್ಲಿ ಏಳುತ್ತವೆ. ಅದು ಯಕೃತ್ತನ್ನು ತಲುಪಿ ಐಜಿಎಫ್-1 ಎಂಬ ಮತ್ತೊಂದು ವಸ್ತುವನ್ನು ಹೊರಡಿಸುತ್ತದೆ. ಇವೆರಡೂ ಸೇರಿ ಉದ್ದ ಮೂಳೆಗಳ ತುದಿಯ ಮೃದ್ವಸ್ಥಿಯನ್ನು ಬೆಳೆಸುತ್ತವೆ. ಬೆಳಗ್ಗೆ ತೆಗೆದ ಒಂದು ಹನಿ ರಕ್ತದಲ್ಲಿ ಈ ಹಾರ್ಮೋನಿನ ಮಟ್ಟ ಆರೋಗ್ಯವಂತ ಮಗುವಿನಲ್ಲೂ ಸೊನ್ನೆಯ ಹತ್ತಿರ ಇರಬಹುದು, ಏಕೆಂದರೆ ಅಲೆ ಇಳಿದ ಹೊತ್ತು ಅದು.

ವಿಕಿರಣಕ್ಕೆ ಪಿಟ್ಯುಟರಿಗಿಂತ ಹೈಪೋಥಲಾಮಸ್ ಬೇಗ ಸೋಲುತ್ತದೆ. ಪಿಟ್ಯುಟರಿಯ ಮುಂಭಾಗ ಸ್ರವಿಸುವ ಹಾರ್ಮೋನುಗಳಲ್ಲಿ ಮೊದಲು ಕೈಕೊಡುವುದು ಬೆಳವಣಿಗೆ ಹಾರ್ಮೋನು; ಅನೇಕ ಮಕ್ಕಳಲ್ಲಿ ಅದೊಂದೇ ಕೈಕೊಡುತ್ತದೆ. ಮ್ಯಾಂಚೆಸ್ಟರ್‌ನ ಸ್ಟೀಫನ್ ಶ್ಯಾಲೆಟ್ ಮತ್ತು ಸಹೋದ್ಯೋಗಿಗಳು ಲ್ಯುಕೀಮಿಯಾ ಚಿಕಿತ್ಸೆ ಪಡೆದ ಮಕ್ಕಳಲ್ಲಿ ಈ ಕೊರತೆಯನ್ನು 1976ರಲ್ಲಿ ವರದಿ ಮಾಡಿದರು. ಆ ನಂತರದ ಅಧ್ಯಯನಗಳಿಂದ ಪ್ರಮಾಣಕ್ಕೂ ಪೆಟ್ಟಿಗೂ ಇರುವ ಸಂಬಂಧ ತಿಳಿಯಾಯಿತು. 18 ಗ್ರೇ ಪಡೆದ ಮಗು ಬಾಲ್ಯದಲ್ಲಿ ಸುಮಾರಾಗಿ ಬೆಳೆದರೂ, ಹರೆಯದಲ್ಲಿ ದೇಹಕ್ಕೆ ಬೇಕಾದಷ್ಟು ಹೆಚ್ಚಿನ ಹಾರ್ಮೋನು ಸಿಗದೆ ಹೋಗಬಹುದು. 24 ಗ್ರೇ ಪಡೆದವರಲ್ಲಿ ನಷ್ಟ ಇನ್ನೂ ಹೆಚ್ಚು. ಮಿದುಳಿನ ಗೆಡ್ಡೆಗಳಿಗೆ ಕೊಡುವಂತೆ 30 ಗ್ರೇ ದಾಟಿದರೆ ಹೆಚ್ಚಿನವರಲ್ಲಿ ಕೊರತೆ ಬರುತ್ತದೆ, ಥೈರಾಯ್ಡ್ ಮತ್ತು ಅಡ್ರಿನಲ್ ಗ್ರಂಥಿಗಳನ್ನು ನಡೆಸುವ ಹಾರ್ಮೋನುಗಳೂ ಕುಸಿಯಬಹುದು. ಅಸ್ಥಿಮಜ್ಜೆಯ ಕಸಿಗೆ ಮುನ್ನ ಇಡೀ ದೇಹಕ್ಕೆ ಕಿರಣ ಕೊಟ್ಟಾಗ ಪ್ರಮಾಣ ಸಾಮಾನ್ಯವಾಗಿ 12 ಗ್ರೇಯ ಆಸುಪಾಸು. ಆದರೂ ಅಲ್ಲಿ ಬೆಳವಣಿಗೆ ಹೆಚ್ಚು ಕುಂಠಿತವಾಗುತ್ತದೆ, ಏಕೆಂದರೆ ಕಿರಣ ಮೂಳೆಗಳ ತುದಿಯನ್ನೇ ನೇರವಾಗಿ ಸುಡುತ್ತದೆ.

ಕಿರಣ ಪಡೆದಾಗ ಮಗು ಎಷ್ಟು ಚಿಕ್ಕದೋ ಅಪಾಯ ಅಷ್ಟು ದೊಡ್ಡದು. ನಾಲ್ಕೈದು ವರ್ಷದೊಳಗೆ ಚಿಕಿತ್ಸೆ ಪಡೆದ ಹೆಣ್ಣುಮಕ್ಕಳಲ್ಲಿ ಎತ್ತರದ ನಷ್ಟ ಎಲ್ಲರಿಗಿಂತ ಹೆಚ್ಚು. ಕೊರತೆ ಮರುದಿನವೇ ಕಾಣಿಸುವುದಿಲ್ಲ. ಕೆಲವರಲ್ಲಿ ಒಂದೆರಡು ವರ್ಷಕ್ಕೆ, ಕೆಲವರಲ್ಲಿ ಐದು-ಹತ್ತು ವರ್ಷಕ್ಕೆ ಬರುತ್ತದೆ.

ಕಾಣಿಸುವ ಬಗೆ

ಕೀಮೊಥೆರಪಿ ಮತ್ತು ಸ್ಟೆರಾಯ್ಡ್ ನಡೆಯುತ್ತಿರುವಾಗ ಯಾವ ಮಗುವಾದರೂ ನಿಧಾನವಾಗಿಯೇ ಬೆಳೆಯುತ್ತದೆ. ಔಷಧಿ ನಿಂತ ಮೇಲೆ ಬಾಕಿ ತೀರಿಸುವಂತೆ ವೇಗವಾಗಿ ಬೆಳೆಯಬೇಕು. ಹಾಗಾಗದೆ ವೇಗ ಕುಗ್ಗಿದ ಮಟ್ಟದಲ್ಲೇ ನಿಂತರೆ ಅದು ಮೊದಲ ಸುಳಿವು. ಆರೋಗ್ಯವಂತ ಮಗು ಮೊದಲ ವರ್ಷದಲ್ಲಿ ಸುಮಾರು 25 ಸೆಂಟಿಮೀಟರ್ ಬೆಳೆಯುತ್ತದೆ, ಎರಡನೆಯ ವರ್ಷದಲ್ಲಿ ಸುಮಾರು 12, ಆಮೇಲೆ ಹರೆಯ ಬರುವವರೆಗೆ ವರ್ಷಕ್ಕೆ 5ರಿಂದ 6. ಐದನೆಯ ವಯಸ್ಸಿನಲ್ಲಿ 108 ಸೆಂಟಿಮೀಟರ್ ಇದ್ದ ಹುಡುಗನೊಬ್ಬ ವರ್ಷಕ್ಕೆ ಮೂರೂವರೆಯಂತೆ ಬೆಳೆದನೆಂದು ಲೆಕ್ಕ ಹಾಕಿ ನೋಡಬಹುದು. ಒಂಬತ್ತನೆಯ ವಯಸ್ಸಿಗೆ ಅವನು 122. ಜೊತೆಯವರು 130ರ ಆಸುಪಾಸು. ಯಾವ ಒಂದು ದಿನವೂ ಆ ಎಂಟು ಸೆಂಟಿಮೀಟರ್ ಕಣ್ಣಿಗೆ ಬಿದ್ದಿರುವುದಿಲ್ಲ.

ತಾಯಂದಿರ ಕಣ್ಣಿಗೆ ಇದು ಬೇರೆ ರೀತಿಯಲ್ಲಿ ಬೀಳುತ್ತದೆ. ಹೋಳಿಯ ನಂತರ ಬರುವ ಶರಣಬಸವೇಶ್ವರ ಜಾತ್ರೆಗೆ ಕೊಂಡ ಅಂಗಿ ಮುಂದಿನ ಜಾತ್ರೆಗೂ, ಅದರ ಮುಂದಿನದಕ್ಕೂ ಸರಿಹೋಗುತ್ತದೆ. ಚಪ್ಪಲಿ ಸವೆಯುತ್ತದೆ, ಅಳತೆ ಮಾತ್ರ ಬದಲಾಗುವುದಿಲ್ಲ. ಎರಡು ವರ್ಷ ಚಿಕ್ಕವನಾದ ತಮ್ಮ ಅಣ್ಣನ ಹೆಗಲಿಗೆ ಬರುತ್ತಾನೆ, ಆಮೇಲೆ ಅಣ್ಣನನ್ನು ದಾಟುತ್ತಾನೆ. ಶಾಲೆಯಲ್ಲಿ ಪ್ರಾರ್ಥನೆಯ ಸಾಲಿನಲ್ಲಿ ಮಗು ಪ್ರತಿವರ್ಷ ಮುಂದಕ್ಕೆ ಸರಿಯುತ್ತ ಕೊನೆಗೆ ಮೊದಲನೆಯದಾಗಿ ನಿಲ್ಲುತ್ತದೆ. ‘ಗಿಡ್ಡ’ ಎಂಬ ಹೆಸರು ಅಂಟಿಕೊಳ್ಳುತ್ತದೆ. ಕ್ಯಾನ್ಸರ್ ಗೆದ್ದು ಬಂದ ಮಗುವಿಗೆ ಆ ಹೆಸರಿನ ಭಾರವನ್ನೂ ಹೊರಿಸುವುದು ನೋವಿನ ಸಂಗತಿ. ಸಮಯಕ್ಕೆ ಸರಿಯಾಗಿ ನೋಡಿದ್ದರೆ ಎಷ್ಟೋ ಮಕ್ಕಳಿಗೆ ಅದನ್ನು ತಪ್ಪಿಸಬಹುದಿತ್ತು.

ಕಣ್ಣಿಗೆ ಮೋಸ ಮಾಡುವ ಇನ್ನೊಂದು ಬಗೆಯಿದೆ. ಲ್ಯುಕೀಮಿಯಾಕ್ಕೆ ಕೊಡುವ ಪ್ರಮಾಣದ ಕಿರಣ ಕೆಲವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಹರೆಯವನ್ನು ಬೇಗ ತರುತ್ತದೆ. ಮಿದುಳು ಹರೆಯಕ್ಕೆ ಹಾಕಿದ ಬೀಗ ಸಡಿಲವಾಗುವುದೇ ಕಾರಣ. ಹುಡುಗಿಯರಲ್ಲಿ 8 ವರ್ಷಕ್ಕೆ ಮೊದಲು ಎದೆಯ ಬೆಳವಣಿಗೆ, ಹುಡುಗರಲ್ಲಿ 9 ವರ್ಷಕ್ಕೆ ಮೊದಲು ವೃಷಣದ ಬೆಳವಣಿಗೆ ಕಂಡರೆ ಅದು ಅಕಾಲದ ಹರೆಯ. ಇಂಥ ಹುಡುಗಿ ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತಿರುತ್ತಾಳೆ. ಬೆಳವಣಿಗೆಯ ಪಟ್ಟಿಯಲ್ಲಿ ಎಲ್ಲ ಸರಿಯಾಗಿದೆ ಎನಿಸುತ್ತದೆ. ಆದರೆ ಹರೆಯದ ಹಾರ್ಮೋನಿನ ನೂಕಿಗೆ ಆಕೆ ಅದಕ್ಕಿಂತ ಹೆಚ್ಚು ಬೆಳೆಯಬೇಕಿತ್ತು. ಇತ್ತ ಮೂಳೆಗಳು ವಯಸ್ಸಿಗಿಂತ ಮುಂದೆ ಓಡಿ ಬೇಗ ಮುಚ್ಚಿಕೊಳ್ಳುತ್ತವೆ. ‘ಮಗಳು ಲಗೂನೇ ದೊಡ್ಡಾಕಿ ಆದ್ಲು’ ಎಂದು ಮನೆಯವರು ಅಂದುಕೊಳ್ಳುವ ಹೊತ್ತಿಗೆ ಬೆಳೆಯುವ ಕಾಲದ ಬಹುಪಾಲು ಕಳೆದಿರುತ್ತದೆ.

ಎತ್ತರದ ಆಚೆಗೂ ಈ ಹಾರ್ಮೋನಿಗೆ ಕೆಲಸವಿದೆ. ಅದು ಸ್ನಾಯು ಕಟ್ಟುತ್ತದೆ, ಕೊಬ್ಬು ಕರಗಿಸುತ್ತದೆ, ಮೂಳೆಗೆ ಬಲ ಕೊಡುತ್ತದೆ. ಕೊರತೆಯಿರುವ ಮಕ್ಕಳಲ್ಲಿ ಹೊಟ್ಟೆಯ ಸುತ್ತ ಬೊಜ್ಜು, ಬೇಗ ಸುಸ್ತಾಗುವುದು ಸಾಮಾನ್ಯ.

ಕಲ್ಯಾಣ ಕರ್ನಾಟಕದ ಪರಿಸ್ಥಿತಿ

ಈ ಭಾಗದಲ್ಲಿ ಕುಳ್ಳು ಮಗು ಯಾರ ಹುಬ್ಬನ್ನೂ ಏರಿಸುವುದಿಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ 35.4 ಶೇಕಡಾ ವಯಸ್ಸಿಗಿಂತ ಗಿಡ್ಡ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಸ್ಥಿತಿ ರಾಜ್ಯದ ಸರಾಸರಿಗಿಂತ ಕೆಟ್ಟದು. ತರಗತಿಯಲ್ಲಿ ಮೂರರಲ್ಲಿ ಒಂದು ಮಗು ಗಿಡ್ಡವಾಗಿರುವ ಊರಲ್ಲಿ, ಹಾರ್ಮೋನಿನ ಕೊರತೆಯಿಂದ ಗಿಡ್ಡವಾದ ಮಗು ಆ ಗುಂಪಿನಲ್ಲೇ ಕರಗಿಹೋಗುತ್ತದೆ. ‘ಅವ್ವ-ಅಪ್ಪನೂ ಗಿಡ್ಡ’, ‘ಸರಿಯಾಗಿ ಉಣ್ಣಂಗಿಲ್ಲ’ ಎಂಬ ಎರಡು ಉತ್ತರಗಳು ಸದಾ ಸಿದ್ಧವಿರುತ್ತವೆ. ಜೋಳದ ರೊಟ್ಟಿ, ತೊಗರಿಬ್ಯಾಳಿ, ಹಾಲು, ಮೊಟ್ಟೆ ಎಲ್ಲ ಮಗುವಿಗೆ ಬೇಕೇ ಬೇಕು. ಆದರೆ ಹೈಪೋಥಲಾಮಸ್‌ನಿಂದ ಅಪ್ಪಣೆ ಹೊರಡದಿದ್ದರೆ ಊಟವಾಗಲಿ, ಅಂಗಡಿಯಲ್ಲಿ ಸಿಗುವ ‘ಎತ್ತರದ ಪುಡಿ’ಯಾಗಲಿ ಆ ಕೊರತೆ ತುಂಬಲಾರವು.

ಚಿಕಿತ್ಸೆಯ ಮಟ್ಟಿಗೆ ಕಲಬುರಗಿ ಬಹಳ ದೂರ ಬಂದಿದೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಕಲಬುರಗಿಯಲ್ಲಿದೆ. 2010ರಲ್ಲಿ ರಾಜ್ಯ ಸರ್ಕಾರ ಬಡ ಕುಟುಂಬಗಳ ದೊಡ್ಡ ಕಾಯಿಲೆಗಳಿಗಾಗಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ತಂದಾಗ ಅದನ್ನು ಮೊದಲು ಜಾರಿಗೆ ತಂದದ್ದು ಗುಲ್ಬರ್ಗಾ ವಿಭಾಗದಲ್ಲೇ. ಕ್ಯಾನ್ಸರ್ ಅದರಲ್ಲಿ ಸೇರಿತ್ತು. 2018ರಿಂದ ಆ ಜಾಗದಲ್ಲಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಇದೆ. ಮಕ್ಕಳ ಲ್ಯುಕೀಮಿಯಾಕ್ಕೆ ಮಾತ್ರ ಅನೇಕರು ಇನ್ನೂ ದೂರದೂರಿಗೆ ಹೋಗುತ್ತಾರೆ. ಮುಂಬೈ ಮತ್ತು ಬೆಂಗಳೂರಿನ ನಡುವೆ ಓಡುವ ಉದ್ಯಾನ್ ಎಕ್ಸ್‌ಪ್ರೆಸ್ ಕಲಬುರಗಿಯನ್ನು ಹಾಯ್ದು ಹೋಗುತ್ತದೆ. ಅದರ ಒಂದು ತುದಿಯ ಊರಲ್ಲಿ ಟಾಟಾ ಆಸ್ಪತ್ರೆ, ಇನ್ನೊಂದು ತುದಿಯ ಊರಲ್ಲಿ ಕಿದ್ವಾಯಿ. ಹೈದರಾಬಾದ್, ಸೊಲ್ಲಾಪುರ ಇನ್ನೂ ಹತ್ತಿರ.

ದೂರ ಹೋಗಿ ಪಡೆದ ಚಿಕಿತ್ಸೆಗೊಂದು ತೊಡಕಿದೆ. ಚಿಕಿತ್ಸೆ ಮುಗಿದು ಒಂದೆರಡು ವರ್ಷ ತಪಾಸಣೆಗೆ ಹೋಗುವ ಕುಟುಂಬ ಆಮೇಲೆ ಹೋಗುವುದನ್ನು ಬಿಡುತ್ತದೆ. ರೈಲಿನ ಖರ್ಚು, ಕೂಲಿ ತಪ್ಪುವುದು, ರಕ್ತದಲ್ಲಿ ಏನೂ ಇಲ್ಲ ಎಂಬ ಸಮಾಧಾನ ಎಲ್ಲ ಸೇರಿ ಹಾಗಾಗುತ್ತದೆ. ಕೊರತೆ ತಲೆ ಹಾಕುವುದು ಆಗಲೇ. ಅದನ್ನು ಹಿಡಿಯಬೇಕಾದವರು ಆಗ ಮಗುವಿನ ಹತ್ತಿರ ಇರುವವರು: ಗಾಜಿಪುರದ ಮಕ್ಕಳ ವೈದ್ಯರು, ಕಮಲಾಪುರದ ಆಸ್ಪತ್ರೆಯ ನರ್ಸ್, ಅಂಗನವಾಡಿ ಕಾರ್ಯಕರ್ತೆ, ಶಾಲೆಯ ಪಿ.ಟಿ. ಮೇಷ್ಟ್ರು. ಪೋಷಣ್ ಅಭಿಯಾನದಲ್ಲಿ ಅಂಗನವಾಡಿಗಳಿಗೆ ಎತ್ತರ ಅಳೆಯುವ ಸಾಧನ ಬಂದಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತವೆ. ಸಲಕರಣೆಯೂ ಇದೆ, ಜನರೂ ಇದ್ದಾರೆ. ‘ಈ ಮಗುವಿಗೆ ತಲೆಗೆ ಕಿರಣ ಕೊಟ್ಟಿದ್ದಾರೆ’ ಎಂಬ ಒಂದು ಮಾತು ಮಾತ್ರ ಅವರ ಕಿವಿಗೆ ಬಿದ್ದಿರುವುದಿಲ್ಲ.

ಅಳೆಯುವುದು

ಬೆಳವಣಿಗೆ ಹಾರ್ಮೋನಿನ ಕೊರತೆಯನ್ನು ಮೊದಲು ಹಿಡಿಯುವ ಸಾಧನ ಗೋಡೆಗೆ ಬಿಗಿದ ಅಳತೆಪಟ್ಟಿ. ಅಳೆಯುವುದಕ್ಕೂ ಒಂದು ಕ್ರಮವಿದೆ. ಮಗು ಬರಿಗಾಲಲ್ಲಿ ನಿಲ್ಲಬೇಕು. ಹಿಮ್ಮಡಿ, ಕುಂಡಿ, ಹೆಗಲು, ತಲೆಯ ಹಿಂಭಾಗ ಗೋಡೆಗೆ ತಾಗಬೇಕು. ಜುಟ್ಟು, ಕ್ಲಿಪ್ಪು, ಟೋಪಿ ತೆಗೆಯಬೇಕು. ನೋಟ ನೇರವಾಗಿ ಮುಂದಕ್ಕಿರಬೇಕು, ಗದ್ದ ಎತ್ತಿದರೆ ಲೆಕ್ಕ ತಪ್ಪುತ್ತದೆ. ತಲೆಯ ಮೇಲೆ ಸಪಾಟಾದ ಹಲಗೆಯನ್ನು ಕೂದಲು ಒತ್ತುವಂತೆ ಇಳಿಸಬೇಕು. ಬೆಳಗಿನಿಂದ ಸಂಜೆಯೊಳಗೆ ಮನುಷ್ಯನ ಎತ್ತರ ಒಂದು ಸೆಂಟಿಮೀಟರ್‌ವರೆಗೆ ಕುಗ್ಗಬಹುದು, ಹಾಗಾಗಿ ಪ್ರತಿಸಲವೂ ದಿನದ ಅದೇ ಹೊತ್ತಿಗೆ ಅಳೆಯುವುದು ಒಳ್ಳೆಯದು. ವರ್ಷಕ್ಕೆ ಬೆಳೆಯುವುದೇ ಐದು ಸೆಂಟಿಮೀಟರ್ ಆದಾಗ ಎರಡು ಸೆಂಟಿಮೀಟರ್ ತಪ್ಪಿದರೂ ಕೊರತೆ ಮುಚ್ಚಿಹೋಗುತ್ತದೆ.

ಅಮೆರಿಕದ ಎಂಡೋಕ್ರೈನ್ ಸೊಸೈಟಿ ಬಾಲ್ಯದ ಕ್ಯಾನ್ಸರ್‌ನಿಂದ ಉಳಿದವರಿಗಾಗಿ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ತಲೆಗೆ ಕಿರಣ ಪಡೆದ ಮಗುವಿನ ಎತ್ತರವನ್ನು ಬೆಳವಣಿಗೆ ಮುಗಿಯುವವರೆಗೆ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಅಳೆಯಬೇಕು. ಬೆನ್ನಿಗೂ ಕಿರಣ ಬಿದ್ದಿದ್ದರೆ ಕೂತ ಎತ್ತರವನ್ನೂ ಅಳೆಯಬೇಕು, ಏಕೆಂದರೆ ಅಂಥವರಲ್ಲಿ ಕಾಲು ಬೆಳೆದರೂ ಬೆನ್ನುಮೂಳೆ ಗಿಡ್ಡಾಗಿ ಉಳಿಯುತ್ತದೆ. ಅಂಕಿಗಳನ್ನು ಹೋಲಿಸಲು ಐದು ವರ್ಷದವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ, ಆಮೇಲೆ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2015ರಲ್ಲಿ ಪರಿಷ್ಕರಿಸಿದ ಪಟ್ಟಿ ಇವೆ.

ತಂದೆ-ತಾಯಿಯ ಎತ್ತರದಿಂದ ಮಗು ಎಲ್ಲಿಗೆ ಮುಟ್ಟಬೇಕು ಎಂದು ಸುಮಾರಾಗಿ ಅಂದಾಜಿಸಬಹುದು. ಇಬ್ಬರ ಎತ್ತರ ಕೂಡಿಸಿ, ಹುಡುಗನಾದರೆ 13 ಸೇರಿಸಿ, ಹುಡುಗಿಯಾದರೆ 13 ಕಳೆದು, ಎರಡರಿಂದ ಭಾಗಿಸಬೇಕು. ಅಪ್ಪ 165, ಅವ್ವ 152 ಇದ್ದರೆ ಮಗನ ಗುರಿ 165, ಮಗಳ ಗುರಿ 152. ಪಟ್ಟಿಯಲ್ಲಿ ಮಗುವಿನ ಎತ್ತರದ ಗೆರೆ ಈ ಗುರಿಯಿಂದ ದೂರ ಸರಿಯುತ್ತಿದ್ದರೆ ‘ಮನೆತನವೇ ಗಿಡ್ಡ’ ಎಂಬ ಮಾತು ನಿಲ್ಲುವುದಿಲ್ಲ.

ಪರೀಕ್ಷೆಗಳು

ವೇಗ ಕುಗ್ಗಿದ್ದು ಖಚಿತವಾದರೆ ಮೊದಲು ಎಡಗೈ ಮತ್ತು ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ. ಥೈರಾಯ್ಡ್ ಪರೀಕ್ಷೆ ಮಾಡುತ್ತಾರೆ. ಹರೆಯದ ಹಂತ ಗಮನಿಸುತ್ತಾರೆ. ಐಜಿಎಫ್-1 ಪರೀಕ್ಷೆ ಸುಲಭವಾದರೂ ಕಿರಣ ಪಡೆದವರಲ್ಲಿ ಅದನ್ನೊಂದನ್ನೇ ನೆಚ್ಚಲಾಗದು. ಕೊರತೆ ಇದ್ದರೂ ಅದು ಸರಿಯಾಗಿಯೇ ಕಾಣಬಹುದು.

ಖಚಿತಪಡಿಸಲು ಪ್ರಚೋದನಾ ಪರೀಕ್ಷೆ ಬೇಕು. ಮಗು ರಾತ್ರಿಯಿಂದ ಉಪವಾಸವಿರಬೇಕು. ಬೆಳಗ್ಗೆ ಕೈಗೆ ಸೂಜಿ ಹಾಕಿ, ಕ್ಲೊನಿಡಿನ್, ಗ್ಲುಕಗಾನ್ ಅಥವಾ ಇನ್ಸುಲಿನ್ ಕೊಟ್ಟು, ಸುಮಾರು ಅರ್ಧ ಗಂಟೆಗೊಮ್ಮೆ ರಕ್ತ ತೆಗೆದು, ಹಾರ್ಮೋನು ಎಷ್ಟು ಎತ್ತರಕ್ಕೆ ಏರುತ್ತದೆ ಎಂದು ನೋಡುತ್ತಾರೆ. ಕ್ಲೊನಿಡಿನ್ ಕೊಟ್ಟರೆ ರಕ್ತದೊತ್ತಡ ಇಳಿದು ಮಗು ತೂಕಡಿಸುತ್ತದೆ. ಇನ್ಸುಲಿನ್ ಕೊಟ್ಟರೆ ರಕ್ತದ ಸಕ್ಕರೆ ಕುಸಿಯುತ್ತದೆ, ಹಾಗಾಗಿ ವೈದ್ಯರು ಪಕ್ಕದಲ್ಲೇ ಇರಬೇಕು, ಫಿಟ್ಸ್ ಬರುವ ಮಕ್ಕಳಿಗೆ ಅದನ್ನು ಮಾಡುವಂತಿಲ್ಲ. ಕಮಲಾಪುರದಿಂದ ಬೆಳಗಿನ ಮೊದಲ ಬಸ್ಸಿಗೆ ಬರಿಹೊಟ್ಟೆಯ ಮಗುವನ್ನು ಕರೆತರುವ ತಾಯಿಗೆ ಈ ಪರೀಕ್ಷೆ ಏಕೆ ಬೇಕು, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಹಿಂದಿನ ದಿನವೇ ಬಿಡಿಸಿ ಹೇಳುವುದು ವೈದ್ಯರ ಕರ್ತವ್ಯ.

ಒಂದು ಎಚ್ಚರಿಕೆ ಇಲ್ಲಿ ಮುಖ್ಯ. ಹೈಪೋಥಲಾಮಸ್ ಕಳಿಸುವ ಸಂದೇಶವನ್ನೇ ಹೊರಗಿನಿಂದ ಚುಚ್ಚಿ ಪಿಟ್ಯುಟರಿಯನ್ನು ಎಬ್ಬಿಸುವ ಪರೀಕ್ಷೆಯೊಂದಿದೆ. ಕಿರಣ ಪಡೆದವರಿಗೆ ಅದು ಸಲ್ಲದು. ಹಾಳಾದದ್ದು ಅಪ್ಪಣೆ ಕೊಡುವ ಜಾಗ. ಅಪ್ಪಣೆಯನ್ನು ನಾವೇ ಕೊಟ್ಟರೆ ಗ್ರಂಥಿ ಕೆಲಸ ಮಾಡಿಬಿಡುತ್ತದೆ, ಪರೀಕ್ಷೆಯಲ್ಲಿ ಕೊರತೆ ಇಲ್ಲವೆಂದು ಬರುತ್ತದೆ.

ಚಿಕಿತ್ಸೆ

ಬೆಳವಣಿಗೆ ಹಾರ್ಮೋನನ್ನು ಮನುಷ್ಯರಿಗೆ ಕೊಟ್ಟು ಫಲ ಕಂಡದ್ದು 1958ರಲ್ಲಿ, ಅಮೆರಿಕದ ಮಾರಿಸ್ ರಾಬೆನ್. ಆಗ ಅದನ್ನು ತೀರಿಹೋದವರ ಪಿಟ್ಯುಟರಿ ಗ್ರಂಥಿಗಳಿಂದ ತೆಗೆಯಬೇಕಿತ್ತು. 1985ರಲ್ಲಿ ಹಾಗೆ ತೆಗೆದ ಹಾರ್ಮೋನು ಪಡೆದ ಕೆಲವರಲ್ಲಿ ಮಿದುಳನ್ನು ತಿನ್ನುವ ಕ್ರೂಟ್ಸ್‌ಫೆಲ್ಟ್-ಯಾಕೊಬ್ ಕಾಯಿಲೆ ಪತ್ತೆಯಾಗಿ ಅದರ ಬಳಕೆ ನಿಂತಿತು. ಅದೇ ವರ್ಷ, ಜೀನ್ ತಂತ್ರಜ್ಞಾನದಿಂದ ಬ್ಯಾಕ್ಟೀರಿಯಾಗಳಲ್ಲಿ ತಯಾರಿಸಿದ ಹಾರ್ಮೋನಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇಂದು ಮಕ್ಕಳು ಪಡೆಯುವುದು ಜೀನ್ ತಂತ್ರಜ್ಞಾನದಿಂದ ತಯಾರಾದ ಹಾರ್ಮೋನು. ಹಳೆಯ ಆ ಅಪಾಯ ಇದಕ್ಕಿಲ್ಲ.

ದಿನಕ್ಕೊಂದು ಚುಚ್ಚುಮದ್ದು, ರಾತ್ರಿ ಮಲಗುವ ಮುನ್ನ, ತೊಡೆ ಅಥವಾ ಹೊಟ್ಟೆಯ ಚರ್ಮದಡಿ. ಪ್ರಮಾಣ ಮಗುವಿನ ತೂಕದ ಮೇಲೆ, ಸಾಮಾನ್ಯವಾಗಿ ಕಿಲೋಗೆ 0.025ರಿಂದ 0.035 ಮಿಲಿಗ್ರಾಂ. ಪೆನ್ನಿನಂಥ ಸಾಧನದಿಂದ ತಾಯಿಯೇ ಹಾಕಬಹುದು, ಹತ್ತು ವರ್ಷ ದಾಟಿದ ಅನೇಕ ಮಕ್ಕಳು ತಾವೇ ಹಾಕಿಕೊಳ್ಳುತ್ತಾರೆ. ಬೆಳವಣಿಗೆ ಮುಗಿಯುವವರೆಗೆ, ಅಂದರೆ ವರ್ಷಗಟ್ಟಲೆ, ಇದು ನಡೆಯಬೇಕು. ವಾರಕ್ಕೊಮ್ಮೆ ಹಾಕುವ ಬಗೆಯೊಂದಕ್ಕೆ ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿದೆ.

ಔಷಧಿಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು, ಹೆಪ್ಪುಗಟ್ಟಲು ಬಿಡಬಾರದು. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಇದು ಸಣ್ಣ ವಿಷಯವಲ್ಲ. ಮನೆಯಲ್ಲಿ ಫ್ರಿಜ್ ಇಲ್ಲದವರು ಅಕ್ಕಪಕ್ಕದವರ ಫ್ರಿಜ್ಜಿನಲ್ಲಿ ಜಾಗ ಕೇಳಬೇಕಾಗುತ್ತದೆ. ಫ್ರಿಜ್ ಇದ್ದರೂ ಮೇಲಿನ ಮಂಜುಗಡ್ಡೆಯ ಖಾನೆಯಲ್ಲಿ ಇಟ್ಟರೆ ಔಷಧಿ ಕೆಡುತ್ತದೆ. ಊರಿಂದ ಊರಿಗೆ ಒಯ್ಯುವಾಗ ಐಸ್‌ಪ್ಯಾಕ್ ಇಟ್ಟ ಡಬ್ಬಿ ಬೇಕು, ಔಷಧಿ ಐಸ್‌ಗೆ ನೇರವಾಗಿ ತಾಗಬಾರದು. ಖರ್ಚೂ ದೊಡ್ಡದು. ಮಗು ಬೆಳೆದಂತೆ ತೂಕ ಏರುತ್ತದೆ, ತೂಕದೊಡನೆ ಪ್ರಮಾಣ, ಪ್ರಮಾಣದೊಡನೆ ಬೆಲೆ. ತಿಂಗಳಿಗೆ ಹಲವು ಸಾವಿರ ರೂಪಾಯಿ ಕೂಲಿಕಾರ ಕುಟುಂಬಕ್ಕೆ ನಿಲುಕದ ಮಾತು. ಕ್ಯಾನ್ಸರ್ ಚಿಕಿತ್ಸೆಗೆ ನೆರವಾಗುವ ಸಮಾಜ ಆ ಚಿಕಿತ್ಸೆಯಿಂದ ಬಂದ ಕೊರತೆಗೂ ನೆರವಾಗಬೇಕಾದದ್ದು ನ್ಯಾಯ.

ಹರೆಯ ಬೇಗ ಬಂದಿದ್ದರೆ ಅದನ್ನು ತಡೆಹಿಡಿಯುವ ಇನ್ನೊಂದು ಚುಚ್ಚುಮದ್ದನ್ನು ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಜೊತೆಗೆ ಕೊಡುತ್ತಾರೆ. ಮೂಳೆ ಮುಚ್ಚುವುದನ್ನು ಅದು ಮುಂದೂಡುತ್ತದೆ. ಎರಡೂ ಸೇರಿದರೆ ಫಲ ಹೆಚ್ಚು. ಬೇಗ ಶುರುಮಾಡಿದವರಿಗೆ ಎತ್ತರ ಹೆಚ್ಚು ದಕ್ಕುತ್ತದೆ. ಬೆನ್ನುಮೂಳೆಗೆ ಅಥವಾ ಇಡೀ ದೇಹಕ್ಕೆ ಕಿರಣ ಪಡೆದವರಲ್ಲಿ ಹಾರ್ಮೋನಿನ ಫಲ ಕಡಿಮೆ.

ಕಾಯಿಲೆ ಮರಳುವ ಭಯ

‘ಬೆಳೆಸುವ ಔಷಧಿ ಕ್ಯಾನ್ಸರನ್ನೂ ಬೆಳೆಸುವುದಿಲ್ಲವೇ?’ ಎಂಬ ಪ್ರಶ್ನೆಯನ್ನು ಕೇಳದ ತಂದೆ-ತಾಯಿ ಇಲ್ಲ. ಆ ಪ್ರಶ್ನೆ ಸರಿಯಾದದ್ದೇ. 1994ರಲ್ಲಿ ಆರಂಭವಾದ ಉತ್ತರ ಅಮೆರಿಕದ ಬಾಲ್ಯ ಕ್ಯಾನ್ಸರ್ ಉಳಿದವರ ಅಧ್ಯಯನದಲ್ಲಿ ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಲಾಗಿದೆ. ಬೆಳವಣಿಗೆ ಹಾರ್ಮೋನು ಪಡೆದವರಲ್ಲಿ ಮೂಲ ಕಾಯಿಲೆ ಮರಳುವ ಪ್ರಮಾಣ ಹೆಚ್ಚಾಗಲಿಲ್ಲ. ಮುಂದೆ ಬೇರೆ ಗೆಡ್ಡೆ, ಅದರಲ್ಲೂ ಮಿದುಳಿನ ಹೊದಿಕೆಯ ಮೆನಿಂಜಿಯೋಮಾ, ಬರುವ ಪ್ರಮಾಣ ಮೊದಲ ವರದಿಗಳಲ್ಲಿ ಸ್ವಲ್ಪ ಹೆಚ್ಚು ಕಂಡಿತ್ತು. ಕಾಲ ಕಳೆದಂತೆ ಆ ವ್ಯತ್ಯಾಸ ತಗ್ಗಿತು. ಅಂಥ ಗೆಡ್ಡೆಗಳಿಗೆ ಮುಖ್ಯ ಕಾರಣ ತಲೆಗೆ ಬಿದ್ದ ಕಿರಣವೇ. ಆದರೂ ಎಚ್ಚರ ಬಿಡುವಂತಿಲ್ಲ. ಕ್ಯಾನ್ಸರ್ ಚಿಕಿತ್ಸೆ ಮುಗಿದು ಕನಿಷ್ಠ ಒಂದು ವರ್ಷ ಕಾಯಿಲೆಯಿಲ್ಲದೆ ಕಳೆದ ಮೇಲೆಯೇ, ಕ್ಯಾನ್ಸರ್ ವೈದ್ಯರ ಒಪ್ಪಿಗೆಯಿಂದ ಹಾರ್ಮೋನು ಶುರುಮಾಡುತ್ತಾರೆ. ಚಿಕಿತ್ಸೆಯ ನಡುವೆ ಬಿಡದ ತಲೆನೋವು, ವಾಂತಿ, ಕುಂಟುವುದು, ಸೊಂಟ ಅಥವಾ ಮೊಣಕಾಲು ನೋವು ಕಂಡರೆ ಕಾಯದೆ ವೈದ್ಯರಿಗೆ ತೋರಿಸಬೇಕು.

ಕಿರಣವಿಲ್ಲದ ದಾರಿ

ಈ ಕೊರತೆಯನ್ನು ತಡೆಯುವ ನಿಜವಾದ ದಾರಿ ತಲೆಗೆ ಕಿರಣ ಕೊಡದಿರುವುದು. 24 ಗ್ರೇ 18ಕ್ಕೆ ಇಳಿಯಿತು, ಕೆಲವೆಡೆ 12ಕ್ಕೆ. 2000ದಿಂದ 2007ರವರೆಗೆ ನಡೆದ ಸೇಂಟ್ ಜೂಡ್‌ನ ಅಧ್ಯಯನದಲ್ಲಿ ಚಿಂಗ್-ಹಾನ್ ಪುಯಿ ಅವರ ತಂಡ 498 ಮಕ್ಕಳಲ್ಲಿ ಯಾರಿಗೂ ಮುನ್ನೆಚ್ಚರಿಕೆಯ ಕಿರಣ ಕೊಡಲಿಲ್ಲ. ಬದಲಿಗೆ ಬೆನ್ನುಹುರಿಯ ದ್ರವಕ್ಕೆ ಹಾಕುವ ಔಷಧಿಯನ್ನು ಹೆಚ್ಚಿಸಿತು. 2009ರಲ್ಲಿ ಬಂದ ಫಲಿತಾಂಶದಲ್ಲಿ ಐದು ವರ್ಷ ಉಳಿದವರು 93.5 ಶೇಕಡಾ. 1960ರ ದಶಕದ ಕೊನೆಯಲ್ಲಿ ತಲೆಗೆ ಕಿರಣ ಕೊಟ್ಟು ಜೀವ ಉಳಿಸಿದ ಆಸ್ಪತ್ರೆಯೇ ಕಿರಣವಿಲ್ಲದೆ ಉಳಿಸುವ ದಾರಿಯನ್ನೂ ತೋರಿಸಿತು. ಇಂದು ಹೆಚ್ಚಿನ ಕಡೆ ಮಿದುಳಿನಲ್ಲಿ ಕಾಯಿಲೆ ಈಗಾಗಲೇ ಇರುವ, ಅಥವಾ ಅಲ್ಲಿ ಮರಳಿ ಬಂದ ಕೆಲವು ಮಕ್ಕಳಿಗೆ ಮಾತ್ರ ಕಿರಣ ಉಳಿದಿದೆ.

ಈಗಾಗಲೇ ಕಿರಣ ಪಡೆದವರ ತಪಾಸಣೆ ಬದುಕಿಡೀ ನಡೆಯಬೇಕಾದದ್ದು. ಟಾಟಾ ಸ್ಮಾರಕ ಆಸ್ಪತ್ರೆ 1991ರಲ್ಲೇ ಚಿಕಿತ್ಸೆ ಮುಗಿಸಿದ ಮಕ್ಕಳಿಗಾಗಿ ಪ್ರತ್ಯೇಕ ಕ್ಲಿನಿಕ್ ತೆರೆದು ದೇಶಕ್ಕೆ ಮಾದರಿಯಾಯಿತು. ದೊಡ್ಡವರಾದ ಮೇಲೂ ಹಾರ್ಮೋನಿನ ಕೊರತೆ ಸ್ನಾಯುವಿನ ಬಲ, ಮೂಳೆಯ ಸಾಂದ್ರತೆ, ರಕ್ತದ ಕೊಬ್ಬು ಇವನ್ನೆಲ್ಲ ಕಾಡುತ್ತದೆ. ಎಂಸಿಪಿ-841 ಕಾಲದ ಮಕ್ಕಳಲ್ಲಿ ಅನೇಕರಿಗೆ ತಮ್ಮ ತಲೆಗೆ ಕಿರಣ ಕೊಟ್ಟಿದ್ದರು ಎಂಬುದೇ ಸರಿಯಾಗಿ ತಿಳಿದಿಲ್ಲ. ಆಗ ಅವರಿಗೆ ನಾಲ್ಕೋ ಐದೋ ವರ್ಷ.

ಆದ್ದರಿಂದ ಆಸ್ಪತ್ರೆಯಿಂದ ಹೊರಡುವ ದಿನ ಕೇಳಿ ಪಡೆಯಬೇಕಾದ ಕಾಗದವೊಂದಿದೆ: ಚಿಕಿತ್ಸೆಯ ಸಾರಾಂಶ. ಕಾಯಿಲೆಯ ಪೂರ್ತಿ ಹೆಸರು, ಚಿಕಿತ್ಸೆ ಆರಂಭವಾದ ಮತ್ತು ಮುಗಿದ ದಿನಾಂಕ, ಕಿರಣ ಯಾವ ಭಾಗಕ್ಕೆ, ಒಟ್ಟು ಎಷ್ಟು ಗ್ರೇ, ಎಷ್ಟು ದಿನ, ಕೊಟ್ಟ ಔಷಧಿಗಳ ಹೆಸರು, ಹೊರಡುವ ದಿನದ ಎತ್ತರ ಮತ್ತು ತೂಕ ಅದರಲ್ಲಿರಬೇಕು. ಬೇಸಿಗೆ ಬಂದರೆ ಪುಣೆಗೋ ಬೆಂಗಳೂರಿಗೋ ಗುಳೆ ಹೋಗುವ ಕುಟುಂಬಗಳಲ್ಲಿ ಇಂಥ ಕಾಗದ ಬೇಗ ಕಳೆಯುತ್ತದೆ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿಡಬೇಕು, ಫೋನಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಬೇಕು. ಕಾಗದದ ಹಿಂಬದಿ ಖಾಲಿ ಇರುತ್ತದೆ. ಆರು ತಿಂಗಳಿಗೊಮ್ಮೆ ಅಳೆದ ಎತ್ತರವನ್ನು ತಾರೀಖಿನ ಸಮೇತ ಬರೆಯಲು ಅಲ್ಲಿ ಹತ್ತು ವರ್ಷಕ್ಕಾಗುವಷ್ಟು ಜಾಗವಿದೆ.